ಸಹಾಯ ಬೇಕು: ಹಲ್ಲು, ಫಿಲ್ಲಿಂಗ್ ಸೇರುವ ಕಡೆ ರಾಮನ್ ಪೀಕ್ ಕಲಸಿಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಕಿತ್ತ ದವಡೆ ಹಲ್ಲಿಗೆ ಬಿಳಿ ರೆಸಿನ್ ತುಂಬಿ, ಲೈಟ್ ಹಿಡಿದು, ಉದ್ದಕ್ಕೆ ಸೀಳಿ, ಅದು ಎಷ್ಟು ಗಟ್ಟಿಯಾಗಿದೆ ಅಂತ ರಾಮನ್ ಸ್ಪೆಕ್ಟ್ರೋಸ್ಕೋಪಿಯಲ್ಲಿ (ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನ ಪೀಕ್ ನೋಡಿ ವಸ್ತು ಗುರುತಿಸುವ ವಿಧಾನ) ನೋಡುತ್ತಿದ್ದೇನೆ. ಹಲ್ಲಿನ ಹೊರಪದರ ಎನಾಮೆಲ್ ಮೇಲೆ 960ರ (ಪೀಕ್ ಸಂಖ್ಯೆಗಳೆಲ್ಲ cm⁻¹ನಲ್ಲಿ) ಫಾಸ್ಫೇಟ್ ಪೀಕ್ ಸೂಜಿ ಮೊನೆಯ ಹಾಗೆ ಬರುತ್ತದೆ, ನೋಡಲು ಖುಷಿ. ಒಳಗಿನ ಡೆಂಟಿನ್‌ಗೆ ಬಂದರೆ 532 ನ್ಯಾನೊಮೀಟರ್ ಲೇಸರ್‌ಗೆ ಫ್ಲೋರೊಸೆನ್ಸ್ (ಹಲ್ಲೇ ಹೊಮ್ಮಿಸುವ ಬೆಳಕು) ಗುಡ್ಡದ ಥರ ಎದ್ದು ಎಲ್ಲ ಮುಚ್ಚಿಬಿಡುತ್ತದೆ. 785ಕ್ಕೆ ಬದಲಾಯಿಸಿದೆ, ಅದು ಇಳಿಯಿತು.

ಸಿಕ್ಕಿಬಿದ್ದಿರುವುದು ಇಲ್ಲಿ. ಅಂಚಿನಲ್ಲಿ ರೆಸಿನ್‌ನ 1640ರ ಪೀಕ್, ಡೆಂಟಿನ್ ಒಳಗಿನ ಪ್ರೋಟೀನ್ ಆದ ಕೊಲಾಜೆನ್‌ನ 1667ರ ಆಸುಪಾಸಿನ ಪೀಕ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಟ್ಟಿತನ ತಿಳಿಯಲು 1640ರ ಪೀಕನ್ನು ರೆಸಿನ್‌ನದೇ 1610ರ ಪೀಕ್ ಜೊತೆ ಹೋಲಿಸಿದರೆ ಲೆಕ್ಕ ಪ್ರತಿ ಸಲ ಬೇರೆ. ಬೇಸ್‌ಲೈನ್ (ಪೀಕ್ ಕೆಳಗಿನ ಹಿನ್ನೆಲೆ) ತೆಗೆದೆ, ಸ್ಕ್ಯಾನ್ ಸಮಯ ಜಾಸ್ತಿ ಮಾಡಿದೆ, ಊಹೂಂ.

ಬರೀ ಡೆಂಟಿನ್‌ನ ಸ್ಪೆಕ್ಟ್ರಮ್ ಮೊದಲು ಕಳೆಯಬೇಕಾ, ಇಲ್ಲಾ ಮೂರೂ ಪೀಕ್ ಒಟ್ಟಿಗೆ ಫಿಟ್ ಮಾಡಬೇಕಾ? ಮಾಡಿದವರು ದಯವಿಟ್ಟು ಹೇಳಿ.