ಬರ್ಮಾ ಯುದ್ಧಕ್ಕೆ ಹೋಗಿದ್ದ ಅಜ್ಜನ ಸೇವಾ ದಾಖಲೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ವಿರಾಜಪೇಟೆ: ನನ್ನ ತಾಯಿಯ ತಂದೆ ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಉಳಿದಿರುವುದು ಐನ್‌ಮನೆಯ (ಕುಲದ ಮೂಲ ಮನೆಯ) ಗೋಡೆಯಲ್ಲಿರುವ ಸಮವಸ್ತ್ರದ ಒಂದು ಫೋಟೊ ಮತ್ತು ಆರು ಮೂಲೆಯ ಒಂದು ನಕ್ಷತ್ರ ಪದಕ ಮಾತ್ರ. ರಿಬ್ಬನ್ ಇಲ್ಲ, ರೆಜಿಮೆಂಟಿನ ಹೆಸರು ಯಾರಿಗೂ ನೆನಪಿಲ್ಲ. ದಾಖಲೆ ಪಡೆದವರಿದ್ದರೆ ದಯವಿಟ್ಟು ದಾರಿ ತಿಳಿಸಿ.

ನಾಪೋಕ್ಲು: ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಜ್ಜ ಮದ್ರಾಸ್ ರೆಜಿಮೆಂಟಿನವರೆಂದು ದೊಡ್ಡಪ್ಪ ಹೇಳುತ್ತಿದ್ದ ಮಾತನ್ನೇ ನಂಬಿ, ಆ ರೆಜಿಮೆಂಟಿನ ದಾಖಲೆ ಕಚೇರಿಯಿರುವ ಊಟಿ ಬಳಿಯ ವೆಲಿಂಗ್ಟನ್ನಿಗೆ ಬರೆದೆ. 1942ರಲ್ಲಿ ಕಟ್ಟಿದ ಕೊಡಗು ಬೆಟಾಲಿಯನ್ ಆಮೇಲೆ ಫಿರಂಗಿ ದಳಕ್ಕೆ ಸೇರಿತೆಂಬುದೂ, ಫಿರಂಗಿ ದಳದ ದಾಖಲೆ ಕಚೇರಿ ಇರುವುದು ನಾಸಿಕದಲ್ಲೆಂಬುದೂ ತಿಳಿಯುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಅಜ್ಜನಿಗೆ ಸೈನ್ಯದಲ್ಲಿ ಕೊಟ್ಟಿದ್ದ ಸಂಖ್ಯೆ ಬರೆಯದೆ ಅರ್ಜಿ ಕಳುಹಿಸಿದ್ದು ನನ್ನದೇ ತಪ್ಪು. ಮೂರು ರಿಜಿಸ್ಟರ್ ಪತ್ರಗಳು ವ್ಯರ್ಥವಾದವು. ನಾಲ್ಕನೆಯ ಸಲ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಕೇಳಿದೆ. ಬಂದ ಕಾಗದದಲ್ಲಿ ನಮ್ಮ ಒಕ್ಕದ (ಕುಲದ) ಹೆಸರೇ ಅಜ್ಜನ ಸ್ವಂತ ಹೆಸರಾಗಿತ್ತು, ಅಜ್ಜನ ಹೆಸರು ಅವರ ತಂದೆಯ ಹೆಸರಾಗಿತ್ತು. ಒಕ್ಕದ ಹೆಸರನ್ನು ಮೊದಲು ಹೇಳುವ ನಮ್ಮ ಪದ್ಧತಿ ಅಂದಿನ ಗುಮಾಸ್ತರಿಗೆ ತಿಳಿಯದೆ ಹೋದುದಕ್ಕೆ ಎಂಬತ್ತು ವರ್ಷಗಳ ನಂತರ ನಾನು ವಂಶವೃಕ್ಷಕ್ಕೆಂದು ಐದು ಸಲ ನಾಡಕಚೇರಿಗೆ ಅಲೆದೆ. ಅಫಿಡವಿಟ್, ಜೆರಾಕ್ಸ್, ಅಂಚೆ, ಬಸ್ಸು ಎಲ್ಲ ಸೇರಿ 11,460 ರೂಪಾಯಿ ಆಯಿತು. ಲೆಕ್ಕದ ಪುಸ್ತಕ ಈಗಲೂ ಇದೆ. ಖರ್ಚಾದುದಕ್ಕೆ ನನಗೆ ಬೇಸರವಿಲ್ಲ.

ಗೋಣಿಕೊಪ್ಪ: ಯಾರಾದರೂ ಲಂಡನ್ನಿಗೆ ಬರೆಯಿರಿ ಎಂದರೆ ಕೇಳಬೇಡಿ. ನಾನು ಅಲ್ಲಿ ಹುಡುಕಿಕೊಡುವವರೊಬ್ಬರಿಗೆ 32,000 ರೂಪಾಯಿ ಕೊಟ್ಟೆ. ಬ್ರಿಟಿಷ್ ಲೈಬ್ರರಿಯಲ್ಲಿರುವುದು ಮುಖ್ಯವಾಗಿ ಅಧಿಕಾರಿಗಳ ಸೇವಾ ಕಡತಗಳು. ಸಿಪಾಯಿಗಳ ಕಾಗದಗಳು ಭಾರತದ ದಾಖಲೆ ಕಚೇರಿಗಳಲ್ಲೇ ಉಳಿದವು. ನಮ್ಮ ಅಜ್ಜ ಅಧಿಕಾರಿಯಲ್ಲ, ಸಿಪಾಯಿಗಳ ಸಾಲಿನ ನಾಯಕ್ ಹುದ್ದೆಯಲ್ಲಿದ್ದರು. ಇಷ್ಟನ್ನು ಹಣ ಕೊಡುವ ಮೊದಲೇ ಯಾರಾದರೂ ಹೇಳಿದ್ದರೆ ಆ ವರ್ಷದ ಕಾಳುಮೆಣಸಿನ ದುಡ್ಡು ಮನೆಯಲ್ಲೇ ಉಳಿಯುತ್ತಿತ್ತು.

ಪೊನ್ನಂಪೇಟೆ: ಪದಕವನ್ನು ಉಜ್ಜಬೇಡಿ ಎಂಬುದೇ ನನ್ನ ಮೊದಲ ಮಾತು. ನಮ್ಮ ಮುತ್ತಜ್ಜ ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋಗಿದ್ದವರು. ಅವರ ಬೆಳ್ಳಿಯ ಯುದ್ಧ ಪದಕದ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಕೊರೆದಿದ್ದರು. ಪ್ರತಿ ವರ್ಷ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸುವಾಗ ಮನೆಯವರು ಆ ಪದಕವನ್ನೂ ಹುಣಸೆಹಣ್ಣು ಬೂದಿ ಹಾಕಿ ಉಜ್ಜುತ್ತಿದ್ದರು. ಈಗ ಅಂಚು ಕನ್ನಡಿಯಂತಿದೆ, ಬೆರಳಾಡಿಸಿದರೆ ಎರಡು ಅಕ್ಷರ ತಾಗುತ್ತವೆ, ಸಂಖ್ಯೆ ಪೂರ್ತಿ ಅಳಿಸಿಹೋಗಿದೆ.

ಗೋಣಿಕೊಪ್ಪ: ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ತಾಯಿ ಐವತ್ತು ವರ್ಷ ಹಾಗೆಯೇ ತೊಳೆದರು, ಅದು ಅವರು ಸಲ್ಲಿಸುತ್ತಿದ್ದ ಗೌರವ. ಸಂಖ್ಯೆ ಬೇಕಾದವರು ಸೈನ್ಯ ಬಿಡುವಾಗ ಕೊಟ್ಟ ಬಿಡುಗಡೆ ಪುಸ್ತಕವನ್ನು ಜೋಪಾನ ಮಾಡಬೇಕಿತ್ತು. ಅದನ್ನು ಕಳೆದುಕೊಂಡು ಹೆಂಗಸರ ಕೈಯನ್ನು ದೂರುವುದು ಸರಿಯಲ್ಲ.

ಪೊನ್ನಂಪೇಟೆ: ನಾನು ಯಾರ ಕೈಯನ್ನೂ ದೂರಿಲ್ಲ, ಉಜ್ಜಿದವರಲ್ಲಿ ನಾನೂ ಒಬ್ಬಳು. ಬಿಡುಗಡೆ ಪುಸ್ತಕ ಅಟ್ಟದ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿದು ಮಣ್ಣಾಯಿತು. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಊರಿನಲ್ಲಿ ಕಾಗದ ಉಳಿಸುವ ಕಷ್ಟ ತಮಗೂ ಗೊತ್ತಿದೆ, ಗೊತ್ತಿದ್ದೂ ಹೀಗೆ ಬರೆದಿರುವುದು ನನಗೆ ನೋವಾಗಿದೆ.

ಭಾಗಮಂಡಲ: ನಮ್ಮ ಅಜ್ಜ ಮರಳಲೇ ಇಲ್ಲ. ಅಜ್ಜಿಗೆ ತಂತಿ ಬಂದಿತ್ತು, ಎಲ್ಲಿ ತೀರಿಕೊಂಡರೆಂದು ಅದರಲ್ಲಿರಲಿಲ್ಲ. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಒಂದು ಪೈಸೆಯೂ ಬೇಡ. ಹೆಸರನ್ನು ಹದಿಮೂರು ರೀತಿಯ ಕಾಗುಣಿತದಲ್ಲಿ ಹಾಕಿ ನೋಡಿದ ಮೇಲೆ, ರಂಗೂನ್ ಬಳಿಯ ತೌಕ್ಯಾನ್‌ನಲ್ಲಿರುವ ಸ್ಮಾರಕದ ಕಂಬವೊಂದರಲ್ಲಿ, ಸಮಾಧಿಯಿಲ್ಲದ ಸುಮಾರು 27,000 ಸೈನಿಕರ ನಡುವೆ ಅವರೂ ಸಿಕ್ಕರು. ಅಪ್ಪನಿಗೆ ಆಗ 81 ವರ್ಷ. ಮೊಬೈಲನ್ನು ಕೈಗೆ ಕೊಟ್ಟೆ. ಅಕ್ಷರ ದೊಡ್ಡದು ಮಾಡು ಎಂದರು, ಓದಿದರು, ಎದ್ದು ಹೋಗಿ ಕೈಕಾಲು ತೊಳೆದು ಬಂದು ಮತ್ತೊಮ್ಮೆ ಓದಿದರು.

ಮಡಿಕೇರಿ: ಎಲ್ಲರೂ ಪದಕ ಬಂದವರ ಕಥೆಯನ್ನೇ ಬರೆಯುತ್ತಿದ್ದೀರಿ. ನಮ್ಮ ಅಜ್ಜ 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಸೆರೆಯಾಗಿ, ಆಮೇಲೆ ಬ್ರಿಟಿಷರ ವಿರುದ್ಧ ಹೋರಾಡಿದ ಆಜಾದ್ ಹಿಂದ್ ಫೌಜ್ ಸೇರಿದರು. ಸಂಬಳ ಮುಟ್ಟುಗೋಲಾಯಿತು, ಪದಕ ಬರಲಿಲ್ಲ. ಫೌಜಿನ ಕಾಗದಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ನಾನು ಒಂಬತ್ತು ದಿನ ಅಲ್ಲಿ ಕುಳಿತು ಒಂದು ಪಟ್ಟಿಯಲ್ಲಿ ಅವರ ಹೆಸರು ಕಂಡೆ.

ನಾಪೋಕ್ಲು: ಕೇಳಿರುವುದು ಸೇವೆ ಮತ್ತು ಪದಕದ ವಿಚಾರ. ಮಾಡಿದ ಪ್ರಮಾಣಕ್ಕೆ ಕಟ್ಟುಬಿದ್ದು ಬರ್ಮಾದ ಕೆಸರಿನಲ್ಲಿ ನಿಂತವರಿಗೆ ಇದನ್ನು ಹೋಲಿಸಬೇಡಿ.

ಮಡಿಕೇರಿ: ಹೋಲಿಸಿದ್ದು ನೀವು, ನಾನಲ್ಲ. ನಿಮ್ಮ ಅಜ್ಜನಿಗಾಗಿ ನೀವು ನಾಡಕಚೇರಿ ಅಲೆದಿರಿ, ನಮ್ಮ ಅಜ್ಜನಿಗಾಗಿ ನಾನು ದೆಹಲಿ ಅಲೆದೆ. ಊರಿನಲ್ಲಿ ಅವರನ್ನು ಹತ್ತು ವರ್ಷ ಯಾರೂ ಮಾಜಿ ಸೈನಿಕ ಎಂದು ಕರೆಯಲಿಲ್ಲ, ಈಗ ಇಲ್ಲಿಯೂ ಅದೇ ಮಾತು ಕೇಳಬೇಕೇ?

ಪೊನ್ನಂಪೇಟೆ: ಇಬ್ಬರೂ ದಯವಿಟ್ಟು ನಿಲ್ಲಿಸಿ. ವಿರಾಜಪೇಟೆಯವರೇ, ಆ ಯುದ್ಧದ ನಕ್ಷತ್ರ ಪದಕಗಳನ್ನು ಭಾರತೀಯ ಸೈನಿಕರಿಗೆ ಕೊಡುವಾಗ ಹಿಂಬದಿಯಲ್ಲಿ ಸಂಖ್ಯೆ, ಹೆಸರು ಒತ್ತಿ ಕೊಡುತ್ತಿದ್ದರು. ಏನನ್ನೂ ಹಚ್ಚದೆ, ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ.

ವಿರಾಜಪೇಟೆ: ಈಗಷ್ಟೇ ನೋಡಿದೆ ಅಕ್ಕ. ಮೊದಲ ನಾಲ್ಕು ಅಂಕಿಗಳು ಸ್ಪಷ್ಟವಾಗಿವೆ, ಐದನೆಯದು 3 ಇರಬಹುದು, 8 ಇರಬಹುದು. ಕೊನೆಯಲ್ಲಿ ಆರ್.ಐ.ಎ.ಎಸ್.ಸಿ. ಎಂದಿದೆ. ಅಂದರೆ ಸರಬರಾಜು ದಳ. ಅದರ ದಾಖಲೆ ಕಚೇರಿ ಬೆಂಗಳೂರಿನಲ್ಲಿದೆಯಂತೆ. ಎರಡೂ ಸಂಖ್ಯೆಗಳನ್ನು ಬರೆದು ಸೋಮವಾರ ಅಂಚೆಗೆ ಹಾಕುತ್ತೇನೆ.