ಪಿಎಫ್ ಟ್ರಸ್ಟ್ ಹೂಡಿಕೆ: ವಾಟ್ಸಾಪ್ ದರ ಬಿಟ್ಟು ಪರದೆ ಮೇಲಿನ ದರಕ್ಕೆ ಹೋಗುವುದು ಹೇಗೆ?

ಪ್ರಶ್ನೆ: ಟ್ರಸ್ಟ್ ಕಾರ್ಯದರ್ಶಿ

ನಮಸ್ಕಾರ. ನಮ್ಮದು ಒಂದು ಕಾರ್ಖಾನೆಯ ವಿನಾಯಿತಿ ಪಡೆದ ಪಿಎಫ್ ಟ್ರಸ್ಟ್, ಅಂದರೆ ನೌಕರರ ಪಿಎಫ್ ಹಣವನ್ನು ಇಪಿಎಫ್‌ಓಗೆ ಕಟ್ಟುವ ಬದಲು ನಾವೇ ಹೂಡುತ್ತೇವೆ. ನಿಧಿ ಸುಮಾರು 90 ಕೋಟಿ, ತಿಂಗಳಿಗೆ ಹೊಸದಾಗಿ ಬರುವುದು 1.2 ಕೋಟಿ. ಮೂವರು ಡೀಲರ್‌ಗಳು ವಾಟ್ಸಾಪ್‌ನಲ್ಲಿ ಬಾಂಡ್ ದರ ಕಳಿಸುತ್ತಾರೆ, ಹೆಚ್ಚು ಯೀಲ್ಡ್ (ಕೊಟ್ಟ ಬೆಲೆಗೆ ವರ್ಷಕ್ಕೆ ಸಿಗುವ ಆದಾಯದ ದರ) ಹೇಳಿದವರ ಹತ್ತಿರ ಕೊಳ್ಳುತ್ತೇವೆ, ಎಕ್ಸೆಲ್‌ನಲ್ಲಿ ಬರೆದಿಡುತ್ತೇವೆ. ಈಗ ಒಂದು ಕಂಪನಿಯವರು ವರ್ಷಕ್ಕೆ 6 ಲಕ್ಷಕ್ಕೆ ಎಐ ಹೂಡಿಕೆ ತಂತ್ರಾಂಶ ಕೊಡುತ್ತೇವೆ ಎಂದು ಬಂದಿದ್ದಾರೆ. ಟ್ರಸ್ಟಿಗಳಲ್ಲಿ ಅರ್ಧ ಜನಕ್ಕೆ ಉತ್ಸಾಹ, ಅರ್ಧ ಜನಕ್ಕೆ ಅನುಮಾನ. ದೊಡ್ಡ ಸಂಸ್ಥೆಗಳು ಬಳಸುವ ಎಲೆಕ್ಟ್ರಾನಿಕ್ ವೇದಿಕೆಗಳು ನಮ್ಮಂಥವರಿಗೂ ಸಿಗುತ್ತವೆಯೇ? ಮೊದಲು ಯಾವುದನ್ನು ಬದಲಿಸಬೇಕು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಬಾಂಡ್ ಡೆಸ್ಕ್ ಕೆಲಸದವರು

ಸರ್, ತಂತ್ರಾಂಶದ ಮಾತು ಆಮೇಲೆ. "ಹೆಚ್ಚು ಯೀಲ್ಡ್ ಹೇಳಿದವರ ಹತ್ತಿರ" ಅಂದಿರಲ್ಲ, ಸೋರಿಕೆ ಇರುವುದೇ ಅಲ್ಲಿ. ಮೂವರು ಹೇಳುವ ಯೀಲ್ಡ್ ಒಂದೇ ಅಳತೆಯಲ್ಲಿ ಇರುವುದಿಲ್ಲ. ಸರಕಾರಿ ಬಾಂಡಿನ 7.10% ಎಂದರೆ ಅರ್ಧವಾರ್ಷಿಕ ಲೆಕ್ಕ. ಅದನ್ನು ವಾರ್ಷಿಕಕ್ಕೆ ತಂದರೆ 7.23% ಹತ್ತಿರ ಬರುತ್ತದೆ. ಕಂಪನಿ ಬಾಂಡಿಗೆ ಡೀಲರ್ ಹೇಳುವ 7.40% ಸಾಮಾನ್ಯವಾಗಿ ವಾರ್ಷಿಕ. ಹಾಗಾಗಿ ನಿಮಗೆ 30 ಬೇಸಿಸ್ ಪಾಯಿಂಟ್ (ನೂರು ಸೇರಿದರೆ ಶೇಕಡಾ ಒಂದು) ಹೆಚ್ಚು ಸಿಕ್ಕಂತೆ ಕಂಡರೂ ನಿಜವಾಗಿ ಸಿಗುವುದು 17. ಆ 17ಕ್ಕಾಗಿ ಕಂಪನಿ ಮುಳುಗುವ ಅಪಾಯವನ್ನು ತಲೆ ಮೇಲೆ ಹೊರಬೇಕೇ ಎನ್ನುವುದು ಬೇರೆಯೇ ಪ್ರಶ್ನೆ.

ದರದಲ್ಲಿ ಎಷ್ಟು ಹೋಗುತ್ತದೆ ಅಂತಲೂ ನೋಡಿ. ಹತ್ತು ವರ್ಷದ ಬಾಂಡಿನಲ್ಲಿ ಯೀಲ್ಡ್ 10 ಬೇಸಿಸ್ ಪಾಯಿಂಟ್ ಕಡಿಮೆ ಸಿಕ್ಕರೆ 100 ರೂಪಾಯಿಗೆ ಸುಮಾರು 70 ಪೈಸೆ ಜಾಸ್ತಿ ಕೊಟ್ಟ ಹಾಗೆ. ಒಂದು ಕೋಟಿಗೆ 70,000. ಇದು ಬಿಲ್ಲಿನಲ್ಲಿ ಕಮಿಷನ್ ಅಂತ ಕಾಣುವುದಿಲ್ಲ, ಬೆಲೆಯ ಒಳಗೇ ಕೂತಿರುತ್ತದೆ.

ಇದನ್ನು ಹಿಡಿಯಲು ದುಡ್ಡು ಖರ್ಚಾಗುವುದಿಲ್ಲ. ಸರಕಾರಿ ಬಾಂಡುಗಳ ಅನಾಮಧೇಯ ವಹಿವಾಟು ವ್ಯವಸ್ಥೆ ಎನ್‌ಡಿಎಸ್-ಓಎಂ 2005ರಿಂದ ಇದೆ, ಅದರ ದರಗಳು ಆ ವಹಿವಾಟುಗಳನ್ನು ಇತ್ಯರ್ಥ ಮಾಡುವ ಸಂಸ್ಥೆ ಸಿಸಿಐಎಲ್‌ನ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಕಾಣುತ್ತವೆ. ಕಂಪನಿ ಬಾಂಡುಗಳಲ್ಲಿ ಫೋನಿನ ಮೇಲೆ ಕುದುರಿದ ವ್ಯವಹಾರವನ್ನೂ 15 ನಿಮಿಷದೊಳಗೆ ವರದಿ ಮಾಡಬೇಕು, ಅದು ಎಕ್ಸ್‌ಚೇಂಜ್ ಜಾಲತಾಣದಲ್ಲಿ ಬರುತ್ತದೆ. ಡೀಲರ್ ದರ ಹೇಳಿದ ಕೂಡಲೇ ಅದೇ ಐಎಸ್‌ಐಎನ್ (ಪ್ರತಿ ಬಾಂಡಿನ ಗುರುತು ಸಂಖ್ಯೆ) ಹಾಕಿ ಆ ದಿನ, ಹಿಂದಿನ ದಿನ ಎಷ್ಟಕ್ಕೆ ಕೈ ಬದಲಾಗಿದೆ ನೋಡಿ. ಆ ಪುಟದ ಪ್ರತಿಯನ್ನು ಕಡತಕ್ಕೆ ಸೇರಿಸಿ. ನೀವು ನೋಡುತ್ತೀರಿ ಎಂದು ಡೀಲರ್‌ಗೆ ಗೊತ್ತಾದರೆ ಸಾಕು, ಮುಂದಿನ ತಿಂಗಳ ದರ ತಾನೇ ಸರಿಹೋಗುತ್ತದೆ.

ಉತ್ತರ: ಬ್ಯಾಂಕಿನ ಗಿಲ್ಟ್ ವಿಭಾಗದವರು

ಮೇಲಿನವರು ಹೇಳಿದ್ದು ಸರಿ. ಆದರೆ ಸರಕಾರಿ ಬಾಂಡಿನ ಪಾಲಿಗೆ ಡೀಲರ್ ಬೇಕೇ ಆಗಿಲ್ಲ ಅಂತ ನನ್ನ ಅಭಿಪ್ರಾಯ.

ಪಿಎಫ್ ಟ್ರಸ್ಟ್‌ಗಳಿಗೆ ಸರಕಾರ ಹಾಕಿದ ಹೂಡಿಕೆ ಮಾದರಿ ಪ್ರಕಾರ ಆ ವರ್ಗಕ್ಕೆ ಕನಿಷ್ಠ 45% ಹೋಗಬೇಕು. ನಿಮ್ಮ 1.2 ಕೋಟಿಯಲ್ಲಿ ಅದು 54 ಲಕ್ಷ. ಮಾರುಕಟ್ಟೆಯಲ್ಲಿ ಸರಕಾರಿ ಬಾಂಡಿನ ಮಾಮೂಲಿ ಲಾಟ್ 5 ಕೋಟಿ, ಅದಕ್ಕಿಂತ ಕಡಿಮೆಯದ್ದೆಲ್ಲ ಚಿಲ್ಲರೆ ಲಾಟ್, ಅದರ ದರವೂ ಚಿಲ್ಲರೆ ದರವೇ. ಅದರ ಬದಲು ರಿಸರ್ವ್ ಬ್ಯಾಂಕ್ ಹರಾಜಿನಲ್ಲಿ ಸ್ಪರ್ಧೆಯಿಲ್ಲದ ಬಿಡ್ ಹಾಕಿ. ಕೇಂದ್ರದ ಬಾಂಡುಗಳಲ್ಲಿ ಪ್ರಕಟಿಸಿದ ಮೊತ್ತದ 5% ಈ ಬಿಡ್‌ಗಳಿಗೆ ಮೀಸಲು, ಪಿಎಫ್‌ಗಳಿಗೂ ಅವಕಾಶ ಇದೆ, ಒಬ್ಬರಿಗೆ ಒಂದು ಹರಾಜಿನಲ್ಲಿ ಒಂದು ಬಾಂಡಿಗೆ 2 ಕೋಟಿವರೆಗೆ. ನೀವು ದರ ಹೇಳುವ ಹಾಗೇ ಇಲ್ಲ. ದೊಡ್ಡ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳು ಜಗ್ಗಾಡಿ ಹಾಕಿದ ಬಿಡ್‌ಗಳ ತೂಕದ ಸರಾಸರಿ ದರವೇ ನಿಮ್ಮ ದರ. 54 ಲಕ್ಷದವರಿಗೆ 5,000 ಕೋಟಿಯವರ ಸರಾಸರಿ ದರ ಸಿಗುವ ಜಾಗ ಇದೊಂದೇ.

ಕ್ರಮ ಹೀಗೆ. ಬ್ಯಾಂಕಿನಲ್ಲೋ ಪ್ರೈಮರಿ ಡೀಲರ್ (ಸರಕಾರಿ ಬಾಂಡ್ ವಹಿವಾಟಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಇರುವ ಸಂಸ್ಥೆ) ಹತ್ತಿರವೋ ಗಿಲ್ಟ್ ಖಾತೆ, ಅಂದರೆ ಸರಕಾರಿ ಬಾಂಡುಗಳನ್ನು ಇಡುವ ಖಾತೆ, ತೆರೆಯಿರಿ. ಕೇಂದ್ರದ ಬಾಂಡ್ ಹರಾಜು ಸಾಮಾನ್ಯವಾಗಿ ಶುಕ್ರವಾರ, ರಾಜ್ಯಗಳದ್ದು ಮಂಗಳವಾರ. ಸ್ಪರ್ಧೆಯಿಲ್ಲದ ಬಿಡ್‌ನ ಹೊತ್ತು ಬೆಳಿಗ್ಗೆ 10:30ರಿಂದ 11ರವರೆಗೆ ಮಾತ್ರ. ಆ ಅರ್ಧ ಗಂಟೆ ಬ್ಯಾಂಕಿನದು, ನಿಮ್ಮದಲ್ಲ. ನಿಮ್ಮ ಕೋರಿಕೆ ಹಿಂದಿನ ದಿನವೇ ಬ್ಯಾಂಕಿನವರ ಕೈಯಲ್ಲಿರಲಿ. 10,000ದ ಗುಣಕದಲ್ಲಿ ಮೊತ್ತ ಬರೆಯಿರಿ. ಬಿಡ್ ಒಟ್ಟುಗೂಡಿಸುವ ಬ್ಯಾಂಕು 100 ರೂಪಾಯಿಗೆ ಹೆಚ್ಚೆಂದರೆ 6 ಪೈಸೆ ಪಡೆಯಬಹುದು. 54 ಲಕ್ಷಕ್ಕೆ ಅದು 3,240 ರೂಪಾಯಿ, ಬಿಲ್ಲಿನಲ್ಲಿ ಕಣ್ಣಿಗೆ ಕಾಣುವ ಹಾಗೆ.

ಎಡವುವುದು ಎಲ್ಲಿ? ಬೇಡಿಕೆ ಜಾಸ್ತಿ ಬಂದರೆ ಕೇಳಿದಷ್ಟೂ ಸಿಗುವುದಿಲ್ಲ, ಪ್ರಮಾಣ ಪ್ರಕಾರ ಹಂಚುತ್ತಾರೆ. ಹಣ ಬಂದ ಎರಡು ವಾರದೊಳಗೆ ಹೂಡಬೇಕು ಎನ್ನುವ ಷರತ್ತು ನಿಮಗಿದೆಯಲ್ಲ, ಹಾಗಾಗಿ ಎರಡನೇ ವಾರದ ಹರಾಜಿಗೆ ಕಾಯುತ್ತ ಕೂರಬೇಡಿ. ಮೊದಲನೆಯದಕ್ಕೇ ಹಾಕಿ, ಉಳಿದದ್ದನ್ನು ಎರಡನೆಯದರಲ್ಲಿ ಮುಗಿಸಿ. ಇನ್ನೊಂದು ಮಾತು: ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಪೋರ್ಟಲ್‌ನಲ್ಲಿ ಟ್ರಸ್ಟ್ ಹೆಸರಲ್ಲಿ ಖಾತೆ ತೆರೆಯಲು ಹೋಗಬೇಡಿ, ಅದು ವ್ಯಕ್ತಿಗಳಿಗೆ ಮಾತ್ರ.

ಉತ್ತರ: ಬಾಂಡ್ ಡೆಸ್ಕ್ ಕೆಲಸದವರು

ಹರಾಜಿನ ವಿಷಯ ಒಪ್ಪಿದೆ. ಕಂಪನಿ ಬಾಂಡಿಗೆ ಬಂದರೆ, ಎಕ್ಸ್‌ಚೇಂಜ್‌ಗಳ ಆರ್‌ಎಫ್‌ಕ್ಯೂ (ದರ ಕೋರಿಕೆ) ವೇದಿಕೆ 2020ರಿಂದ ಇದೆ. ದರ ಕೇಳುವ ಕೆಲಸವನ್ನು ಫೋನಿನಿಂದ ಪರದೆಗೆ ತಂದದ್ದು ಅದು. ಒಬ್ಬರನ್ನೇ ಕೇಳಬಹುದು, ಎಲ್ಲರನ್ನೂ ಒಟ್ಟಿಗೆ ಕೇಳಬಹುದು. ಯಾರು ಎಷ್ಟು ಗಂಟೆಗೆ ಏನು ದರ ಕೊಟ್ಟರು ಎನ್ನುವುದು ಅಲ್ಲೇ ಉಳಿಯುತ್ತದೆ. ಮ್ಯೂಚುವಲ್ ಫಂಡ್‌ಗಳು ತಮ್ಮ ವಹಿವಾಟಿನ ಒಂದು ಪಾಲನ್ನು ಇಲ್ಲೇ ಮಾಡಬೇಕೆಂದು ಸೆಬಿ ಕಡ್ಡಾಯ ಮಾಡಿದ ಮೇಲೆ ಜನಸಂಚಾರ ಹೆಚ್ಚಿದೆ. ಪಿಎಫ್ ಟ್ರಸ್ಟ್ ನೇರವಾಗಿ ನೋಂದಾಯಿಸಿಕೊಳ್ಳಬಹುದು.

ನನ್ನ ಲೆಕ್ಕದಲ್ಲಿ ದರಕ್ಕಿಂತ ದೊಡ್ಡ ಲಾಭ ಹಣ ಹೋಗುವ ದಾರಿಯದು. ಈಗ ನೀವು ಮಾರುವವರ ಖಾತೆಗೆ ಆರ್‌ಟಿಜಿಎಸ್ ಮಾಡಿ, ಬಾಂಡು ಡಿಮ್ಯಾಟ್‌ಗೆ ಬರುವವರೆಗೆ ದೇವರ ಮೇಲೆ ಭಾರ ಹಾಕಿ ಕೂರುತ್ತೀರಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ" ಎನ್ನುವ ನಕಲಿ ಮೇಲ್‌ಗೆ ಬಲಿಯಾಗುವುದೂ ಇದೇ ಘಟ್ಟದಲ್ಲಿ. ವೇದಿಕೆಯಲ್ಲಿ ಹಣ ಹೋಗುವುದು ಕ್ಲಿಯರಿಂಗ್ ಕಾರ್ಪೊರೇಷನ್ ಖಾತೆಗೆ. ಅತ್ತ ಬಾಂಡು, ಇತ್ತ ಹಣ, ಎರಡೂ ಬಂದರೆ ಮಾತ್ರ ಕೈ ಬದಲು. ಮೊದಲ ಸಲ ತಪ್ಪುವುದು ಎರಡು ಕಡೆ: ನೋಂದಾಯಿಸಿದ ಖಾತೆ ಬಿಟ್ಟು ಬೇರೆ ಖಾತೆಯಿಂದ ಹಣ ಕಳಿಸುವುದು, ಕಟ್-ಆಫ್ ಸಮಯ ಮೀರುವುದು. ಎರಡರಲ್ಲೂ ವ್ಯವಹಾರ ಆ ದಿನ ಮುಗಿಯುವುದಿಲ್ಲ.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. 40 ಲಕ್ಷದ ಕೋರಿಕೆಗೆ ದೊಡ್ಡವರು ತಲೆ ಎತ್ತಿಯೂ ನೋಡುವುದಿಲ್ಲ. ಹಳೆಯ ಬಾಂಡುಗಳ ಮುಖಬೆಲೆಯೇ 10 ಲಕ್ಷ, 40 ಲಕ್ಷಕ್ಕೆ ನಾಲ್ಕೇ ನಾಲ್ಕು. ಎರಡು ಮೂರು ತಿಂಗಳ ಹಣ ಸೇರಿಸಿ ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಅಲ್ಲಿವರೆಗೆ ಅಲ್ಪಾವಧಿ ವರ್ಗದ 5% ಮಿತಿಯೊಳಗೆ ಲಿಕ್ವಿಡ್ ಫಂಡ್‌ನಲ್ಲಿ (ಬೇಗ ಹಣ ವಾಪಸು ತೆಗೆಯಬಹುದಾದ ಮ್ಯೂಚುವಲ್ ಫಂಡ್) ಇಡಬಹುದು. 

ಉತ್ತರ: ಲೆಕ್ಕಪರಿಶೋಧಕರು

ಲಿಕ್ವಿಡ್ ಫಂಡ್ ಸಲಹೆಗೆ ಒಂದು ಬಾಲಂಗೋಚಿ. ಅದನ್ನು ಆ ವರ್ಗದ ಹೂಡಿಕೆ ಎಂದೇ ಟ್ರಸ್ಟಿಗಳ ಸಭೆಯ ನಡಾವಳಿಯಲ್ಲಿ ಬರೆಯಿಸಿ, "ತಾತ್ಕಾಲಿಕವಾಗಿ ಇಟ್ಟದ್ದು" ಎಂದು ಬರೆಯಬೇಡಿ. ಹಾಗೆ ಬರೆದರೆ ಎರಡು ವಾರದಲ್ಲಿ ಹೂಡಿಲ್ಲ ಎಂದು ನೀವೇ ಒಪ್ಪಿಕೊಂಡಂತೆ. ಹೂಡಿಕೆ ಮಾದರಿ ತಪ್ಪಿದರೆ ಹೊಣೆ ಟ್ರಸ್ಟಿಗಳ ತಲೆಗೆ ವೈಯಕ್ತಿಕವಾಗಿಯೂ ಬರುತ್ತದೆ.

ಇನ್ನು ನಿಮ್ಮ ಎಕ್ಸೆಲ್. ಸಣ್ಣ ಟ್ರಸ್ಟ್‌ಗಳ ಹಾಳೆಗಳಲ್ಲಿ ಪದೇ ಪದೇ ಕಾಣುವ ತಪ್ಪು ದಿನ ಎಣಿಕೆಯದು. ಉದಾಹರಣೆಗೆ 7.10% ಸರಕಾರಿ ಬಾಂಡ್ 2034, ಬಡ್ಡಿ ದಿನ ಏಪ್ರಿಲ್ 8 ಮತ್ತು ಅಕ್ಟೋಬರ್ 8. ಜುಲೈ 18ಕ್ಕೆ ಒಂದು ಕೋಟಿ ಮುಖಬೆಲೆಯದ್ದು ಕೊಂಡಿರಿ ಎನ್ನಿ. ಸರಕಾರಿ ಬಾಂಡಿಗೆ ತಿಂಗಳಿಗೆ 30, ವರ್ಷಕ್ಕೆ 360 ದಿನ. ಮೂರು ತಿಂಗಳು ಹತ್ತು ದಿನ ಎಂದರೆ 100 ದಿನ, ಸೇರಿಕೊಂಡ ಬಡ್ಡಿ 1,97,222 ರೂಪಾಯಿ. ಎಕ್ಸೆಲ್ ದಿನಾಂಕ ಕಳೆದು 101 ದಿನ ಎಣಿಸಿ 365ರಿಂದ ಭಾಗಿಸಿದರೆ 1,96,466. ವ್ಯತ್ಯಾಸ 756 ರೂಪಾಯಿ. ಏನು ಮಹಾ ಅನ್ನಬೇಡಿ, ಅಷ್ಟು ಕಡಿಮೆ ಹಣ ಹೋದರೂ ವ್ಯವಹಾರ ನಿಲ್ಲುತ್ತದೆ. ಕಂಪನಿ ಬಾಂಡಿಗೆ ನಿಜವಾದ ದಿನಗಳ ಲೆಕ್ಕ. ಆದ್ದರಿಂದ ಪ್ರತಿ ಐಎಸ್‌ಐಎನ್ ಮುಂದೆ ಯಾವ ಎಣಿಕೆ ಎನ್ನುವುದಕ್ಕೇ ಒಂದು ಕಾಲಂ ಇರಲಿ. ಐಎಸ್‌ಐಎನ್‌ನ 12ನೆಯದು ಪರಿಶೀಲನಾ ಅಂಕಿ. ಅದನ್ನು ಸರಿನೋಡುವ ಸೂತ್ರ ಒಮ್ಮೆ ಹಾಕಿಟ್ಟರೆ ಟೈಪಿಂಗ್ ತಪ್ಪು ಅಲ್ಲೇ ಕೆಂಪಾಗುತ್ತದೆ.

ಈ ಹಾಳೆ ಸರಿಯಾಗದೆ 6 ಲಕ್ಷದ ತಂತ್ರಾಂಶ ತಂದರೆ, ಅದೇ ತಪ್ಪು ಬಣ್ಣಬಣ್ಣದ ಚಿತ್ರವಾಗಿ ಕಾಣುತ್ತದೆ ಅಷ್ಟೇ.

ಉತ್ತರ: ತಂತ್ರಾಂಶ ಕಡೆಯವರು

ಎಐ ಎಂದ ಕೂಡಲೇ ಎಲ್ಲರೂ ಮುಖ ತಿರುಗಿಸುತ್ತಿದ್ದೀರಿ, ಹಾಗಾಗಿ ಅದರ ಪರವಾಗಿ ಒಂದಿಷ್ಟು. ಯಾವ ಬಾಂಡ್ ಕೊಳ್ಳಬೇಕು ಎಂದು ಅದನ್ನು ಕೇಳಬೇಡಿ. ನಿಮ್ಮ ಮಾದರಿಯೊಳಗೆ ಆಯ್ಕೆಯೇ ಕಡಿಮೆ, ಎಐ ಊಹಿಸುವಂಥದ್ದು ಅಲ್ಲೇನಿಲ್ಲ. ಅದು ಉಪಯೋಗಕ್ಕೆ ಬರುವುದು ಓದುವ ಕೆಲಸಕ್ಕೆ. ಬಾಂಡ್ ವಿತರಣಾ ದಾಖಲೆ ನೂರಾರು ಪುಟ ಇರುತ್ತದೆ, ಡೀಲರ್ ಕಳಿಸುವುದು ಒಂದು ಸಾಲು. ಆ ಸಾಲಿನಲ್ಲಿ ವಾಯಿದೆ ಎಂದು ಬರೆದ ದಿನಾಂಕ ಎಷ್ಟೋ ಸಲ ಕಾಲ್ ದಿನಾಂಕ, ಅಂದರೆ ಕಂಪನಿ ಇಷ್ಟಪಟ್ಟರೆ ಮೊದಲೇ ಹಣ ತೀರಿಸಬಹುದಾದ ದಿನ ಆಗಿರುತ್ತದೆ. ಬ್ಯಾಂಕುಗಳ ಎಟಿ1 ಬಾಂಡುಗಳಿಗೆ (ಬ್ಯಾಂಕು ಕಷ್ಟಕ್ಕೆ ಬಿದ್ದರೆ ಅಳಿಸಿಹಾಕಬಹುದಾದ ಬಾಂಡುಗಳು) ವಾಯಿದೆಯೇ ಇಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿಯ ಎಟಿ1 ಬಾಂಡುಗಳನ್ನು ಅಳಿಸಿಹಾಕಿದಾಗಲೇ ಅನೇಕರು ಆ ಷರತ್ತನ್ನು ಓದಿದ್ದು.

ಎಐಗೆ ದಾಖಲೆ ಕೊಟ್ಟು ಐದೇ ಪ್ರಶ್ನೆ ಕೇಳಿ: ಅಂತಿಮ ವಾಯಿದೆ ಯಾವಾಗ, ಕಾಲ್ ಅಥವಾ ಪುಟ್ (ಹೂಡಿದವರು ಮೊದಲೇ ಹಣ ವಾಪಸು ಕೇಳುವ) ಹಕ್ಕು ಯಾರದು, ರೇಟಿಂಗ್ ಇಳಿದರೆ ಬಡ್ಡಿ ಬದಲಾಗುತ್ತದೆಯೇ, ಭದ್ರತೆ ಏನು, ಸಾಲದ ಸರದಿಯಲ್ಲಿ ಈ ಬಾಂಡಿನ ಸ್ಥಾನ ಎಲ್ಲಿ. ಪ್ರತಿ ಉತ್ತರಕ್ಕೂ ಪುಟ ಸಂಖ್ಯೆ ಮತ್ತು ಮೂಲ ವಾಕ್ಯ ಕೊಡಲೇಬೇಕು ಎನ್ನಿ. ಆ ಪುಟ ತೆರೆದು ನೋಡುವುದು ಮನುಷ್ಯನ ಕೆಲಸ, ಹತ್ತು ನಿಮಿಷ ಸಾಕು. ಸ್ಕ್ಯಾನ್ ಮಾಡಿದ ಪಿಡಿಎಫ್, ಎರಡು ಪುಟಕ್ಕೆ ಹರಡಿದ ಪಟ್ಟಿ, ಒಂದೇ ದಾಖಲೆಯಲ್ಲಿ ನಾಲ್ಕು ಸರಣಿಯ ಬಾಂಡುಗಳು, ಈ ಮೂರು ಕಡೆ ಎಐ ಎಡವುತ್ತದೆ. ಒಂದನೇ ಸರಣಿಯ ಬಡ್ಡಿಯನ್ನು ಮೂರನೆಯದಕ್ಕೆ ಅಂಟಿಸಿ ಪೂರ್ಣ ಧೈರ್ಯದಿಂದ ಹೇಳುತ್ತದೆ. ಸದಸ್ಯರ ಹೆಸರು, ಖಾತೆ ವಿವರಗಳನ್ನು ಮಾತ್ರ ಯಾವತ್ತೂ ಅದಕ್ಕೆ ಹಾಕಬೇಡಿ.

ಇದಕ್ಕೆ ವರ್ಷಕ್ಕೆ 6 ಲಕ್ಷ ಬೇಕಿಲ್ಲ ಅನ್ನುವುದೂ ನಿಜ.

ಉತ್ತರ: ಲೆಕ್ಕಪರಿಶೋಧಕರು

ಓದುವ ಕೆಲಸಕ್ಕೆ ಆಗಬಹುದು, ಒಪ್ಪಿದೆ. ಆದರೆ ಮಾರಾಟಕ್ಕೆ ಬಂದವರು "ರೇಟಿಂಗ್ ಎಚ್ಚರಿಕೆ" ಎನ್ನುವುದನ್ನೇ ದೊಡ್ಡದಾಗಿ ತೋರಿಸಿರುತ್ತಾರೆ. ಮೂಲಸೌಕರ್ಯಕ್ಕೆ ಸಾಲ ಕೊಡುವ ಐಎಲ್ ಆಂಡ್ ಎಫ್‌ಎಸ್ 2018ರ ಆಗಸ್ಟ್ ತನಕ ಎಎಎ (ಅತಿ ಸುರಕ್ಷಿತ) ಇತ್ತು, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಡಿ (ಸಾಲ ತೀರಿಸಲು ತಪ್ಪಿದ್ದು). ರೇಟಿಂಗ್ ಇಳಿದ ಸಂದೇಶ ಮೊಬೈಲ್‌ಗೆ ಬರುವ ಹೊತ್ತಿಗೆ ಕೊಳ್ಳುವವರು ಇರುವುದಿಲ್ಲ. ಅದಕ್ಕಿಂತ, ನಿಮ್ಮ ಕೈಲಿರುವ ಪ್ರತಿ ಬಾಂಡಿನ ವಹಿವಾಟಿನ ಯೀಲ್ಡ್ ಮತ್ತು ಅದೇ ಅವಧಿಯ ಸರಕಾರಿ ಬಾಂಡಿನ ಯೀಲ್ಡ್ ನಡುವಿನ ಅಂತರವನ್ನು ವಾರಕ್ಕೊಮ್ಮೆ ಬರೆದಿಡಿ, ಎರಡನ್ನೂ ವಾರ್ಷಿಕಕ್ಕೆ ತಂದು. ಅದೇ ರೇಟಿಂಗಿನ ಬೇರೆ ಕಂಪನಿಗಳದ್ದು ನಿಂತಲ್ಲೇ ಇದ್ದು ಒಂದರದ್ದು ಮಾತ್ರ 50 ಬೇಸಿಸ್ ಪಾಯಿಂಟ್ ಅಗಲವಾದರೆ ಸಭೆ ಕರೆಯಿರಿ. ಬಡ್ಡಿ ದರ ಇಪಿಎಫ್‌ಓ ಘೋಷಿಸಿದ್ದಕ್ಕಿಂತ ಕಡಿಮೆಯಾದರೆ ತುಂಬಿಕೊಡಬೇಕಾದದ್ದು ನಿಮ್ಮ ಕಂಪನಿಯೇ ಎನ್ನುವುದನ್ನು ಆಡಳಿತ ಮಂಡಳಿಗೆ ನೆನಪಿಸಿ, ಈ ಹಾಳೆಗೆ ಒಬ್ಬ ಗುಮಾಸ್ತರ ಸಮಯ ಆಗ ತಾನೇ ಸಿಗುತ್ತದೆ.

ಉತ್ತರ: ಈಕ್ವಿಟಿ ವಿಭಾಗದವರು

ಶೇರು ಪಾಲಿನ ಬಗ್ಗೆ ಯಾರೂ ಹೇಳಿಲ್ಲ, ಚುಟುಕಾಗಿ. ತಿಂಗಳಿಗೆ 10–15 ಲಕ್ಷದ ನಿಫ್ಟಿ ಇಟಿಎಫ್ (ನಿಫ್ಟಿ ಸೂಚ್ಯಂಕದ ಶೇರುಗಳನ್ನೇ ಹಿಡಿದಿರುವ, ಶೇರಿನಂತೆ ಕೊಳ್ಳಬಹುದಾದ ಫಂಡ್) ಕೊಳ್ಳಲು ಆರ್ಡರ್ ತುಂಡು ಮಾಡುವ ಅಲ್ಗೋ (ತಂತ್ರಾಂಶ) ಬೇಡವೇ ಬೇಡ, ಅದು ನೂರಾರು ಕೋಟಿಯವರ ತಲೆನೋವು. ಬೆಳಿಗ್ಗೆ ಮೊದಲ 15 ನಿಮಿಷ ಬಿಡಿ. ಐನಾವ್ (ಇಟಿಎಫ್ ಯೂನಿಟ್ಟಿನ ಆ ಕ್ಷಣದ ನಿಜ ಮೌಲ್ಯ) ನೋಡಿ, ಅದರ ಆಸುಪಾಸಿಗೆ ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎನ್ನುವ ಆರ್ಡರ್) ಹಾಕಿ. ಮಾರ್ಕೆಟ್ ಆರ್ಡರ್ ಹಾಕಿದರೆ ತೆಳುವಾದ ಇಟಿಎಫ್‌ನಲ್ಲಿ ಮೇಲಿನ ದರಗಳನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. 2023ರ ಜನವರಿಯಿಂದ ಎಲ್ಲ ಶೇರುಗಳೂ ಮರುದಿನವೇ ಇತ್ಯರ್ಥ, ಹಾಗಾಗಿ ಲಿಕ್ವಿಡ್ ಫಂಡಿನಿಂದ ಹಣ ತೆಗೆಯುವುದನ್ನು ಕೊಳ್ಳುವ ಹಿಂದಿನ ದಿನವೇ ಮುಗಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ತಂತ್ರಾಂಶದವರಿಗೆ ಸದ್ಯ ಬೇಡ ಎನ್ನುತ್ತೇವೆ. ಗಿಲ್ಟ್ ಖಾತೆ ಮೊದಲು, ಆಮೇಲೆ ಆರ್‌ಎಫ್‌ಕ್ಯೂ. ಕಾಗದಪತ್ರ ಏನೇನು ಬೇಕು?

ಉತ್ತರ: ಬ್ಯಾಂಕಿನ ಗಿಲ್ಟ್ ವಿಭಾಗದವರು

ಟ್ರಸ್ಟ್ ಡೀಡ್, ವಿನಾಯಿತಿ ಆದೇಶದ ಪ್ರತಿ, ಟ್ರಸ್ಟ್‌ನ ಪ್ಯಾನ್, ಟ್ರಸ್ಟಿಗಳ ಕೆವೈಸಿ, ಸಹಿ ಅಧಿಕಾರದ ನಿರ್ಣಯ. ನಿರ್ಣಯದಲ್ಲಿ ನಮೂದಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಇರಲಿ. ಇಬ್ಬರೂ ರಜೆಯಲ್ಲಿದ್ದರೆ ಯಾರು ಎನ್ನುವುದನ್ನೂ ಅದರಲ್ಲೇ ಬರೆಯಿಸಿ, ಇಲ್ಲದಿದ್ದರೆ ಡಿಜಿಟಲ್ ಸಹಿಯ ಟೋಕನ್ ಒಬ್ಬರದೇ ಡ್ರಾಯರ್‌ನಲ್ಲಿ ಕೂರುತ್ತದೆ, ಪಾಸ್‌ವರ್ಡ್ ಚೀಟಿ ಅದರ ಪಕ್ಕದಲ್ಲಿ. ಇವುಗಳ ಜತೆ ಎಲ್‌ಇಐ, ಅಂದರೆ ಸಂಸ್ಥೆಯನ್ನು ಗುರುತಿಸುವ 20 ಅಕ್ಷರಗಳ ಸಂಕೇತ. ಕಂಪನಿಯ ಎಲ್‌ಇಐ ಟ್ರಸ್ಟ್‌ಗೆ ನಡೆಯುವುದಿಲ್ಲ, ಟ್ರಸ್ಟ್ ಹೆಸರಲ್ಲೇ ತೆಗೆಸಬೇಕು. ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ಮುಗಿದುಹೋಗಿದ್ದರೆ ಹರಾಜಿನ ದಿನ ಬೆಳಿಗ್ಗೆ ಬ್ಯಾಂಕಿನವರು ನಿಮ್ಮ ಬಿಡ್ ಪಕ್ಕಕ್ಕಿಡುತ್ತಾರೆ. ಮುಗಿಯುವ ತಾರೀಖಿಗೆ 30 ದಿನ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.