ಆನ್ ಥಾರ್ನ್ಸ್ ಐ ಲೇ: ‘ಒರಾಮಾ’ದಿಂದ 2023ರವರೆಗೆ ದನಿ ಬದಲಾದ ಬಗೆ, ಆ ದನಿ ನುಡಿಸುವ ಬಗೆ

ಮಂದಲಯ

ಎಲ್ಲರಿಗೂ ನಮಸ್ಕಾರ. ಗ್ರೀಸಿನ ಡೂಮ್ ಮೆಟಲ್ (ನಿಧಾನ, ಭಾರದ ಮೆಟಲ್) ತಂಡ ಆನ್ ಥಾರ್ನ್ಸ್ ಐ ಲೇಯ ಎರಡು ಆಲ್ಬಂಗಳನ್ನು ಒಂದರ ಹಿಂದೊಂದು ಕೇಳಿದೆ: 1997ರ ‘ಒರಾಮಾ’, ಆಮೇಲೆ ತಂಡದ ಹೆಸರನ್ನೇ ಹೊತ್ತು ಬಂದ 2023ರ ಆಲ್ಬಂ. ಎರಡರಲ್ಲೂ ಗ್ರೌಲ್ (ಗಂಟಲಾಳದಿಂದ ಗುರುಗುಟ್ಟುವ ಹಾಡಿಕೆ) ಇದೆ, ದುಃಖವಿದೆ, ನಿಧಾನವಿದೆ. ಆದರೆ ನಡುವಿನ ‘ಇಗೋಸೆಂಟ್ರಿಕ್’ ಹಾಕಿದರೆ ಬೇರೆ ಯಾರದೋ ಹಾಡು ಅನಿಸುತ್ತದೆ. ಕೇಳಬೇಕಾದ್ದು ಎರಡು ವಿಷಯ.

ಒಂದು, ಈ ಬದಲಾವಣೆ ಯಾವ ಆಲ್ಬಂನಲ್ಲಿ ಶುರುವಾಗಿ ಎಲ್ಲಿ ಮರಳಿತು? ಯಾವ ಕ್ರಮದಲ್ಲಿ ಕೇಳಿದರೆ ಹಿಡಿತಕ್ಕೆ ಸಿಗುತ್ತದೆ?

ಎರಡು, ಎರಡು ಗಿಟಾರ್, ಬಾಸ್, ಡ್ರಮ್ಸ್, ಒಂದು ಪಿಟೀಲು ಇಟ್ಟುಕೊಂಡು ಈ ಧಾಟಿಯಲ್ಲಿ ಸ್ವಂತ ಹಾಡು ಕಟ್ಟುವುದಾದರೆ ಶ್ರುತಿ, ತಂತಿ, ಲಯ ಹೇಗಿರಬೇಕು? 10–46 ತಂತಿಯಲ್ಲೇ (ದಪ್ಪ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ಬಿ ಶ್ರುತಿಗೆ ಇಳಿಸಿದರೆ ರಿಫ್ (ಗಿಟಾರಿನ ಬುನಾದಿ ಸಾಲು) ಪೂರ್ತಿ ಕಲಸಿಹೋಗುತ್ತಿದೆ.

ಹಳೇ_ಕ್ಯಾಸೆಟ್

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಗಿಟಾರ್ ವಿಷಯ ಬಲ್ಲವರು ಬರಲಿ.

ತಂಡ ಹುಟ್ಟಿದ್ದು 1992ರಲ್ಲಿ. ಮೊದಲು ಪ್ಯಾರಾಲಿಸಿಸ್, ಆಮೇಲೆ ಫ್ಲೆಬಾಟಮಿ ಅನ್ನುವ ಹೆಸರಿತ್ತು. ಆ ಹೆಸರುಗಳೇ ಹೇಳುವಂತೆ ಡೆತ್ ಮೆಟಲ್‌ನ ಕೂಸು. ಗಿಟಾರಿನಲ್ಲಿ ಕ್ರಿಸ್ ಡ್ರಾಗಮೆಸ್ಟಿಯಾನೋಸ್, ದನಿಯಲ್ಲಿ ಸ್ಟೆಫಾನೋಸ್ ಕಿಂಟ್ಸೋಗ್ಲೂ, ಈ ಇಬ್ಬರು ಆಗ ತಂಡದ ಬೆನ್ನೆಲುಬಾಗಿದ್ದರು. 1995ರಲ್ಲಿ ಫ್ರಾನ್ಸಿನ ಹೋಲಿ ರೆಕಾರ್ಡ್ಸ್‌ನಿಂದ ‘ಸೌಂಡ್ಸ್ ಆಫ್ ಬ್ಯೂಟಿಫುಲ್ ಎಕ್ಸ್‌ಪೀರಿಯನ್ಸ್’ ಬಂತು. ಸೆಪ್ಟಿಕ್ ಫ್ಲೆಶ್, ನೈಟ್‌ಫಾಲ್ ತಂಡಗಳನ್ನೂ ಹೊರತಂದ ಲೇಬಲ್ ಅದೇ. 90ರ ದಶಕದ ಗ್ರೀಕ್ ಮೆಟಲ್ ಹೊರದೇಶದ ಕಿವಿಗೆ ಬಿದ್ದದ್ದರಲ್ಲಿ ಆ ಫ್ರೆಂಚ್ ಲೇಬಲ್‌ನ ಪಾಲು ದೊಡ್ಡದು.

‘ಒರಾಮಾ’ ಅಂದರೆ ಗ್ರೀಕಿನಲ್ಲಿ ದರ್ಶನ, ಕಾಣ್ಕೆ. ಮುಳುಗಿದ ಅಟ್ಲಾಂಟಿಸ್ ಅದರ ವಸ್ತು. ಇಲ್ಲಿ ಹಾಡಿನ ಆಕಾರ ಇನ್ನೂ ಸಡಿಲ. ಒಂದು ರಿಫ್ ಬರುತ್ತದೆ, ನಿಲ್ಲುತ್ತದೆ, ಕೀಬೋರ್ಡ್ ತುಂಬಿಕೊಳ್ಳುತ್ತದೆ, ಗ್ರೌಲಿನ ಪಕ್ಕದಲ್ಲಿ ಹೆಣ್ಣುದನಿ ಏಳುತ್ತದೆ. ಪಲ್ಲವಿ ಹುಡುಕಬೇಡಿ, ಸಿಗುವುದಿಲ್ಲ.

ತಿರುವು ಇರುವುದು 1999ರ ‘ಕ್ರಿಸ್ಟಲ್ ಟಿಯರ್ಸ್’ನಲ್ಲಿ. ಗ್ರೌಲ್ ಹಿಂದೆ ಸರಿದು ತಿಳಿದನಿ, ಹೆಣ್ಣುದನಿ, ಪಿಟೀಲು ಮುಂದೆ ಬರುತ್ತವೆ. ಡೂಮ್‌ನ ತೂಕ ಪೂರ್ತಿ ಇಳಿದಿಲ್ಲ, ಗೋಥಿಕ್‌ನ ಇಂಪು ಸೇರಿಕೊಂಡಿದೆ. ಎರಡೂ ಒಂದೇ ತಕ್ಕಡಿಯಲ್ಲಿ ತೂಗುವ ಏಕೈಕ ಆಲ್ಬಂ ಇದು, ಆದ್ದರಿಂದ ನನ್ನ ಪ್ರಕಾರ ಇಡೀ ಪಟ್ಟಿಯ ನಡುಗಂಬ. ಅಲ್ಲಿಂದ ಇಳಿಜಾರು ಬೇಗ. 2000ದ ‘ಫ್ಯೂಚರ್ ನಾರ್ಕಾಟಿಕ್’ನಲ್ಲಿ ಚರಣ, ಪಲ್ಲವಿಯ ಕಟ್ಟು ಬಂತು. ಗ್ರೀಸಿನ ಬ್ಲ್ಯಾಕ್ ಲೋಟಸ್ ಲೇಬಲ್‌ನ ‘ಏಂಜಲ್‌ಡಸ್ಟ್’, 2003ರ ‘ಇಗೋಸೆಂಟ್ರಿಕ್’ ಹೊತ್ತಿಗೆ ಅದು ಬಹುಮಟ್ಟಿಗೆ ರಾಕ್.

ಇದನ್ನು ಈ ತಂಡವೊಂದರ ದಾರಿತಪ್ಪು ಅಂತ ನೋಡಬಾರದು. ಪ್ಯಾರಡೈಸ್ ಲಾಸ್ಟ್ 1997ರಲ್ಲಿ ‘ಒನ್ ಸೆಕೆಂಡ್’, 1999ರಲ್ಲಿ ‘ಹೋಸ್ಟ್’ ಮಾಡಿತ್ತು. ಥಿಯೇಟರ್ ಆಫ್ ಟ್ರಾಜಿಡಿ 2000ದಲ್ಲಿ ಎಲೆಕ್ಟ್ರಾನಿಕ್ ಕಡೆ ಹೊರಳಿತು. ಗ್ರೀಸಿನಲ್ಲೇ ರಾಟಿಂಗ್ ಕ್ರೈಸ್ಟ್ 1997ರ ‘ಎ ಡೆಡ್ ಪೊಯಮ್’ ಅನ್ನು ಜರ್ಮನಿಯ ವುಡ್‌ಹೌಸ್ ಸ್ಟುಡಿಯೋದಲ್ಲಿ ಮಾಡಿ ಗೋಥಿಕ್ ಬಣ್ಣ ಬಳಿದುಕೊಂಡಿತ್ತು. ಇಡೀ ಪೀಳಿಗೆಯೇ ಆ ಕಡೆ ಹೊರಟಿದ್ದ ಹೊತ್ತು ಅದು.

2003ರ ನಂತರ ಹನ್ನೆರಡು ವರ್ಷ ಹೊಸ ಆಲ್ಬಂ ಬರಲಿಲ್ಲ. 2015ರ ‘ಎಟರ್ನಲ್ ಸೈಲೆನ್ಸ್’ ಮೊದಲ ಹೆಜ್ಜೆ. ನಿಜವಾದ ಮರಳುವಿಕೆ 2018ರ ‘ಈಜಿಯನ್ ಸಾರೋ’. ಗ್ರೌಲ್ ಮತ್ತೆ ನಡುಮನೆಗೆ ಬಂತು. 2020ರ ‘ಥ್ರೆನೋಸ್’ ಅದೇ ಜಾಡು. ಥ್ರೆನೋಸ್ ಅಂದರೆ ಸತ್ತವರಿಗಾಗಿ ಹಾಡುವ ಶೋಕಗೀತೆ. 2023ರ ಆಲ್ಬಂ ಸೀಸನ್ ಆಫ್ ಮಿಸ್ಟ್‌ನದು, ಆರೇ ಹಾಡು, ಹಾಡುವ ದನಿಯೂ ಹೊಸದು.

ಕೇಳುವ ಕ್ರಮ: ‘ಕ್ರಿಸ್ಟಲ್ ಟಿಯರ್ಸ್’ ಮೊದಲು, ಅಲ್ಲಿಂದ ಹಿಂದಕ್ಕೆ ‘ಒರಾಮಾ’, ಆಮೇಲೆ ನೇರ ‘ಈಜಿಯನ್ ಸಾರೋ’. ‘ಇಗೋಸೆಂಟ್ರಿಕ್’ ಕೊನೆಗಿರಲಿ. ಮೊದಲೇ ಕೇಳಿದರೆ ತಂಡದ ಬಗ್ಗೆ ತಪ್ಪು ಅಂದಾಜು ಕೂರುತ್ತದೆ.

ದಪ್ಪತಂತಿ

ಎರಡನೇ ಪ್ರಶ್ನೆಗೆ ಬರೋಣ. ಈ ತಂಡ ಯಾವ ತಂತಿ ಬಳಸುತ್ತದೆ ಅನ್ನುವ ಲೆಕ್ಕವಲ್ಲ ಇದು, ಡೂಮ್-ಡೆತ್ ಧಾಟಿಗೆ ಹೊಂದುವ ಲೆಕ್ಕ.

ಕಲಸಿಹೋಗಲು ಕಾರಣ ತಂತಿಯ ಬಿಗಿ. ಕೆಳಗಿನ ಇ 82.4 ಹರ್ಟ್ಸ್, ಬಿ 61.7 ಹರ್ಟ್ಸ್. ಬಿಗಿ ಕಂಪನದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಹಾಗಾಗಿ ಅದೇ 46ರ ತಂತಿಯಲ್ಲಿ ಬಿ ಇಟ್ಟರೆ ಮೊದಲಿದ್ದ ಬಿಗಿಯ 56% ಮಾತ್ರ ಉಳಿಯುತ್ತದೆ. ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಮೊದಲು ಮೇಲೆ ಹಾರಿ ಆಮೇಲೆ ಇಳಿದು ಕೂರುತ್ತದೆ. ಎರಡು ಗಿಟಾರ್ ಹೀಗೆ ಹಾರಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ನಿಮಗೆ ಕೇಳುತ್ತಿರುವ ಕಲಸು ಅದೇ.

ಮೀಟುವ ತಂತಿಯ ಉದ್ದ 25.5 ಇಂಚಿರುವ ಗಿಟಾರಿಗೆ 12–60 ಅಥವಾ 13–62 ಹಾಕಿ. 24.75 ಇಂಚಿನದಾದರೆ 13–64. ಹಾಕಿದ ಮೇಲೆ ಮೂರು ಕೆಲಸ ಬಾಕಿ ಇರುತ್ತದೆ. ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ತೋಡು ದಪ್ಪ ತಂತಿಗೆ ಸಾಲದು. ಶ್ರುತಿ ಮಾಡುವಾಗ ‘ಟಿಂಗ್’ ಅಂತ ಸದ್ದಾಗಿ ಸ್ವರ ಹಠಾತ್ತನೆ ಜಿಗಿದರೆ ತಂತಿ ಅಲ್ಲಿ ಕಚ್ಚಿಕೊಂಡಿದೆ ಅಂತ ಅರ್ಥ. ಅರ ಹಾಕಿ ಅಗಲ ಮಾಡಿಸಿ, ಆಳ ಮಾಡಿಸಬೇಡಿ. ಆಳವಾದರೆ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತದೆ, ಆಮೇಲೆ ನಟ್ಟನ್ನೇ ಬದಲಿಸಬೇಕು. ತೋಡಿಗೆ ಪೆನ್ಸಿಲ್ ಸೀಸದ ಪುಡಿ ಸವರಿದರೆ ಜಾರಿಕೆ ಚೆನ್ನಾಗಿರುತ್ತದೆ. ಎರಡನೆಯದು, ಕತ್ತಿನ ಬಾಗು ನೋಡಿ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಸರಿಮಾಡುವುದು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮೂರನೆಯದು ಇಂಟೊನೇಷನ್. 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ. ತೇಲುವ ಬ್ರಿಡ್ಜ್ ಇದ್ದರೆ ಹಿಂದಿನ ಸ್ಪ್ರಿಂಗ್‌ಗಳನ್ನೂ ಹೊಂದಿಸಬೇಕಾಗುತ್ತದೆ. ಈ ಧಾಟಿಗೆ ಕದಲದ ಬ್ರಿಡ್ಜೇ ಲೇಸು.

ಗೇನ್ ಅಂದುಕೊಂಡದ್ದಕ್ಕಿಂತ ಕಡಿಮೆ ಇರಲಿ. ಎರಡು ಗಿಟಾರ್ ಒಂದೇ ರಿಫ್ ನುಡಿಸುವಾಗ ಡಿಸ್ಟಾರ್ಷನ್ ತಾನಾಗಿ ದಪ್ಪವಾಗುತ್ತದೆ. ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಮುಚ್ಚಿಬಿಡುವ ಸಾಧನ) ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನಿಮಿಷಕ್ಕೆ 60 ಎಣಿಕೆಯ ಲಯದಲ್ಲಿ ನಾಲ್ಕು ಎಣಿಕೆಯ ಕಾರ್ಡ್ ಅಂದರೆ ಪೂರಾ ನಾಲ್ಕು ಸೆಕೆಂಡ್. ವೇಗದ ಥ್ರಾಶ್ ಮೆಟಲ್ ನುಡಿಸಲು ಇಟ್ಟ ಗೇಟ್ ಮೂರನೇ ಎಣಿಕೆಗೇ ಬಾಲ ಕತ್ತರಿಸುತ್ತದೆ. ಥ್ರೆಶೋಲ್ಡ್ ಇಳಿಸಿ, ರಿಲೀಸ್ 200–300 ಮಿಲಿಸೆಕೆಂಡ್ ಇಡಿ.

ಮಂದಲಯ

ತುಂಬಾ ಉಪಕಾರ. ತಂತಿ ಬದಲಿಸುತ್ತೇವೆ. ಪಿಟೀಲು ನುಡಿಸುವವರು ಕರ್ನಾಟಕ ಸಂಗೀತ ಕಲಿತವರು. ಗಿಟಾರ್ ಮೇಲೆ ಅವರು ನುಡಿಸಿದರೆ ಕೆಲವು ಕಡೆ ಅಪಸ್ವರದಂತೆ ಕೇಳುತ್ತದೆ, ಕೆಲವು ಕಡೆ ಪಿಟೀಲು ಕೇಳುವುದೇ ಇಲ್ಲ. ಡ್ರಮ್ಮರ್ ನಿಧಾನಲಯದಲ್ಲಿ ಓಡಿಬಿಡುತ್ತಾರೆ.

ಕೈಶಿಕಿ_ಕಾಕಲಿ

ಅಪಸ್ವರಕ್ಕೆ ಎರಡು ಮೂಲ ಇರಬಹುದು.

ಈ ಬಗೆಯ ಹಾಡುಗಳ ರಾಗಛಾಯೆ ಹೆಚ್ಚಾಗಿ ನಠಭೈರವಿಯ ಸ್ವರಗಳಲ್ಲಿರುತ್ತದೆ, ಸಾಲು ಮುಗಿದು ಷಡ್ಜಕ್ಕೆ ಮರಳುವಲ್ಲಿ ಕೀರವಾಣಿಗೆ ಜಾರುತ್ತದೆ. ವ್ಯತ್ಯಾಸ ನಿಷಾದ ಒಂದೇ: ಮೊದಲನೆಯದರಲ್ಲಿ ಕೈಶಿಕಿ (ಕೆಳಗಿನ ನಿ), ಎರಡನೆಯದರಲ್ಲಿ ಕಾಕಲಿ (ಅದಕ್ಕಿಂತ ಅರ್ಧ ಸ್ವರ ಮೇಲಿನ ನಿ). ಬಿ ಷಡ್ಜವಾದರೆ ಎ ಮತ್ತು ಎ ಶಾರ್ಪ್. ಗಿಟಾರ್ ಪಂಚಮದ ಮೇಲೆ ಪ-ನಿ-ರಿ ಕಾರ್ಡನ್ನು ಕಾಕಲಿಯಲ್ಲಿ ಹಿಡಿದಾಗ ಪಿಟೀಲು ಕೈಶಿಕಿಯಲ್ಲಿ ನಿಂತರೆ ಕಿವಿ ಕಚ್ಚುತ್ತದೆ. ಹಾಡಿನಲ್ಲಿ ಕಾಕಲಿ ಬರುವ ಜಾಗಗಳನ್ನು ಕಾಗದದ ಮೇಲೆ ಗುರುತು ಹಾಕಿ ಮೂವರಿಗೂ ಕೊಡಿ. ಎರಡು ಗಿಟಾರಿನ ಜೋಡಿ ಸಾಲಿಗೂ ಇದೇ ಮಾತು. ಸ ಜೊತೆ ಗ, ರಿ ಜೊತೆ ಮ, ಗ ಜೊತೆ ಪ ಹೀಗೆ ಏರುತ್ತಾ ಪ ಜೊತೆ ನಿ ಬಂದಲ್ಲಿ ಯಾವ ನಿ ಅಂತ ಮೊದಲೇ ತೀರ್ಮಾನಿಸಿ. ಈ ಜೋಡಿಯನ್ನು ಒಂದೇ ಗಿಟಾರಿನ ಎರಡು ತಂತಿಯಲ್ಲಿ ನುಡಿಸಬೇಡಿ. ಡಿಸ್ಟಾರ್ಷನ್ ಒಳಗೆ ಎರಡು ಸ್ವರ ಒಟ್ಟಿಗೆ ಹೋದರೆ ಅವುಗಳ ಮೊತ್ತದ, ವ್ಯತ್ಯಾಸದ ಕಂಪನಗಳೂ ಹುಟ್ಟಿ ಗೊರಗೊರ ಆಗುತ್ತದೆ. ಗಿಟಾರಿಗೊಂದು ಸ್ವರ ಹಂಚಿಕೊಂಡರೆ ಶುದ್ಧವಾಗಿರುತ್ತದೆ.

ಎರಡನೇ ಮೂಲ ಗಮಕ. ಗಿಟಾರ್ ಪೂರ್ಣ ಕಾರ್ಡ್ ಹಿಡಿದಿರುವಾಗ ಸಾಧಾರಣ ಗಾಂಧಾರವನ್ನು ಆಂದೋಲಿಸಿದರೆ ಕದಲದ ಗಾಂಧಾರದ ಜೊತೆ ಅದು ಘರ್ಷಿಸುತ್ತದೆ. ಆ ಜಾಗದಲ್ಲಿ ಗಿಟಾರ್ ಸ-ಪ ಮಾತ್ರ ಹಿಡಿಯಲಿ, ಗಾಂಧಾರ ಪೂರ್ತಿ ಪಿಟೀಲಿಗೆ ಬಿಡಿ. ಆಗ ಗಮಕಕ್ಕೆ ಜಾಗ ಸಿಗುತ್ತದೆ, ಅಲ್ಲೇ ನಿಮ್ಮ ಹಾಡಿಗೆ ನಿಮ್ಮದೇ ಮುಖ ಬರುತ್ತದೆ. ಬಿ ಅಂದರೆ ಹಾರ್ಮೋನಿಯಮ್ಮಿನ ಬಿಳಿ ಏಳು. ಪಿಟೀಲನ್ನು ಸ-ಪ-ಸ-ಪ ಅದಕ್ಕೇ ಕೂರಿಸಿಕೊಳ್ಳಲಿ, ಟ್ಯೂನರ್ ಎಲ್ಲರಿಗೂ ಎ 440 ಲೆಕ್ಕದಲ್ಲಿರಲಿ.

ಪಿಟೀಲು ಕೇಳದಿರುವುದಕ್ಕೆ ವಾಲ್ಯೂಮ್ ಏರಿಸಬೇಡಿ. ಪಿಟೀಲಿನ ಅಂಚು, ಗಿಟಾರಿನ ಕಚ್ಚು ಎರಡೂ 2ರಿಂದ 4 ಕಿಲೋಹರ್ಟ್ಸ್ ನಡುವೆ ಕೂರುತ್ತವೆ. ಪಿಟೀಲು ಬರುವ ಸಾಲಿನಲ್ಲಿ ಗಿಟಾರುಗಳಿಗೆ 2.5 ಕಿಲೋಹರ್ಟ್ಸ್ ಹತ್ತಿರ 2–3 ಡೆಸಿಬಲ್ ಇಳಿಸಿ. ಗಿಟಾರಿಗೆ 80 ಹರ್ಟ್ಸ್‌ನಿಂದ ಕೆಳಗೆ ಹೈಪಾಸ್ ಹಾಕಿ, ಅಂದರೆ ಆ ಕೆಳದನಿ ಕತ್ತರಿಸಿ. ಬಿ ಸ್ವರದ ಬುಡ ಹೋಗುತ್ತದಲ್ಲ ಅನ್ನಬೇಡಿ, ಅದನ್ನು ಬಾಸ್ ಹೊರುತ್ತದೆ. ಡಿಲೇಯನ್ನು (ಮರುದನಿಯ ಪರಿಣಾಮ) ಲಯಕ್ಕೆ ಕಟ್ಟಿ: 60,000ವನ್ನು ಲಯದಿಂದ ಭಾಗಿಸಿದರೆ ಒಂದು ಎಣಿಕೆಯ ಮಿಲಿಸೆಕೆಂಡ್. 66ರ ಲಯಕ್ಕೆ 909, ಅದರ ಮುಕ್ಕಾಲು 682. ಸೋಲೋಗೆ 682 ಚೆನ್ನಾಗಿ ಕೂರುತ್ತದೆ.

ದಪ್ಪತಂತಿ

ಡ್ರಮ್ಮರ್ ವಿಷಯ ಸಣ್ಣದು. 60ರ ಕ್ಲಿಕ್‌ನಲ್ಲಿ ಎರಡು ಪೆಟ್ಟಿನ ನಡುವೆ ಒಂದು ಸೆಕೆಂಡ್ ಖಾಲಿ, ಆ ಖಾಲಿಯಲ್ಲೇ ಕೈ ಮುಂದೆ ಓಡುವುದು. ಕ್ಲಿಕ್ಕನ್ನು 120ಕ್ಕೆ ಇಟ್ಟು ಎರಡಕ್ಕೊಂದು ಪೆಟ್ಟು ಹೊಡೆಯಲಿ. ಬಲಗೈ ಹೈ-ಹ್ಯಾಟ್ ಮೇಲೆ ಅರ್ಧೆಣಿಕೆ ಮೆಲ್ಲಗೆ ನುಡಿಸುತ್ತಿರಲಿ. ರೈಡ್‌ಗೆ ಹೋದಾಗಲೂ ಎಡಗಾಲು ಹೈ-ಹ್ಯಾಟ್ ಪೆಡಲಿನಲ್ಲಿ ಆ ಎಣಿಕೆ ಬಿಡಬಾರದು.

ಹಳೇ_ಕ್ಯಾಸೆಟ್

ಒಂದು ಮಾತು ಸೇರಿಸಬೇಕು. ಮೇಲೆ ‘ಮರಳುವಿಕೆ’ ಅಂದೆ, ಆ ಪದ ಪೂರ್ತಿ ಸರಿಯಲ್ಲ. 2018ರ ನಂತರದ ಹಾಡುಗಳಲ್ಲಿ ಗ್ರೌಲ್ 90ರ ದಶಕದ್ದೇ, ಆದರೆ ಹಾಡಿನ ನಡಿಗೆ ಅಲ್ಲಿಯದಲ್ಲ. ‘ಒರಾಮಾ’ದಲ್ಲಿ ರಿಫ್ ಬಂದು ಹೋಗಿಬಿಡುತ್ತದೆ. ‘ಈಜಿಯನ್ ಸಾರೋ’ದಲ್ಲಿ ಗಿಟಾರಿನ ಒಂದು ಅಳುವ ಸಾಲು ಮತ್ತೆ ಮತ್ತೆ ಬರುತ್ತದೆ, ಪಲ್ಲವಿ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಆ ಹದ ಕೈಗೆ ಬಂದದ್ದು ‘ಫ್ಯೂಚರ್ ನಾರ್ಕಾಟಿಕ್’ ಕಾಲದಲ್ಲಿ ಹಾಡು ಕಟ್ಟಲು ಕಲಿತದ್ದರಿಂದ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ‘ಇಗೋಸೆಂಟ್ರಿಕ್’ ಕೊನೆಗೆ ಕೇಳಿ ಅಂದದ್ದು ಅದಕ್ಕೇ, ಬಿಟ್ಟುಬಿಡಿ ಅಂತಲ್ಲ. ನೀವು ಹಾಡು ಕಟ್ಟುವಾಗಲೂ ಮೊದಲು ಆ ಒಂದು ಸಾಲು ಹುಡುಕಿಕೊಳ್ಳಿ, ಗಿಟಾರಿಲ್ಲದೆ ಬಾಯಲ್ಲಿ ಗುನುಗಲು ಬರುವಂಥದ್ದು. ರಿಫ್ ಆಮೇಲೆ ಅದರ ಕೆಳಗೆ ಕೂರಿಸಬಹುದು.